ಕಟ್ಟಿಗೆ ಒಲೆ ಪಿಜ್ಜಾಕ್ಕೆ ಗೆಳೆಯರ ಜೊತೆ ಹೋಗುವಾಗ

ಮಲೆನಾಡಿನ ಪಂಕ್ತಿ ಊಟದಲ್ಲಿ ಎಲ್ಲರ ಎಲೆಗೂ ಬಡಿಸಿ ಆಗುವ ತನಕ ಯಾರೂ ತುತ್ತು ಎತ್ತುವುದಿಲ್ಲ. ಅದೇ ಮನೆಯಲ್ಲಿ ಬೆಳಿಗ್ಗೆ ನೀರುದೋಸೆ ಮಾಡಿದರೆ ಕ್ರಮವೇ ಬೇರೆ. ಕಾವಲಿಯಿಂದ ಎದ್ದದ್ದು ಎದ್ದ ಹಾಗೆ ತಟ್ಟೆಗೆ ಬೀಳಬೇಕು, ಎರೆಯುವವರು ಎರೆಯುತ್ತಿರಬೇಕು, ತಿನ್ನುವವರು ತಿನ್ನುತ್ತಿರಬೇಕು. ಕಟ್ಟಿಗೆ ಒಲೆಯ ಪಿಜ್ಜಾ ದೋಸೆಯ ಜಾತಿಯದು. ಗುಂಪಾಗಿ ಹೋದವರು ಬೇಸರ ಮಾಡಿಕೊಂಡು ಬರುವುದಕ್ಕೆ ಬಹಳ ಸಲ ಕಾರಣ ಇಷ್ಟೇ: ದೋಸೆಯ ಹಾಗೆ ತಿನ್ನಬೇಕಾದ್ದನ್ನು ಪಂಕ್ತಿಯ ಹಾಗೆ ತಿನ್ನಲು ಕೂರುತ್ತಾರೆ. ಆರು ಜನ, ಆರು ಪಿಜ್ಜಾ, ಎಲ್ಲ ಒಂದೇ ಸಲಕ್ಕೆ ಆರ್ಡರ್. ಮೊದಲು ಬಂದ ಎರಡು 'ಎಲ್ಲರದ್ದೂ ಬರಲಿ' ಎಂದು ಮೇಜಿನ ಮೇಲೆ ಕಾಯುತ್ತವೆ. ಆರನೆಯದು ಬರುವ ಹೊತ್ತಿಗೆ ಮೊದಲನೆಯದರ ಚೀಸ್ ಗಟ್ಟಿ, ತಳ ಚರ್ಮದ ಹಾಗೆ.

ಹೀಗಾಗದಂತೆ ಹೇಗೆ ಆರ್ಡರ್ ಮಾಡಬೇಕು ಎಂಬುದು ಒಲೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ತಾನಾಗಿ ತಿಳಿಯುತ್ತದೆ. ಹಾಗಾಗಿ ಒಲೆಯಿಂದಲೇ ಶುರು.

ಒಲೆಯೊಳಗೆ ಏನಾಗುತ್ತದೆ

ಬಚ್ಚಲೊಲೆಯಲ್ಲಿ ಬೆಂಕಿ ಹಂಡೆಯ ಕೆಳಗಿರುತ್ತದೆ. ಪಿಜ್ಜಾ ಒಲೆಯಲ್ಲಿ ಬೆಂಕಿಯೂ ಪಿಜ್ಜಾವೂ ಒಂದೇ ನೆಲದ ಮೇಲೆ, ಅಕ್ಕಪಕ್ಕ. ಉರಿಯನ್ನು ಒಂದು ಬದಿಗೋ ಹಿಂದಕ್ಕೋ ಸರಿಸಿ, ಗುಡಿಸಿ ಒರೆಸಿದ ಕಲ್ಲಿನ ಮೇಲೆ ಪಿಜ್ಜಾ ಇಡುತ್ತಾರೆ. ಕಾವು ಮೂರು ಕಡೆಯಿಂದ ಬರುತ್ತದೆ. ಕಲ್ಲು ತಳವನ್ನು ಸುಡುತ್ತದೆ, ಒಲೆಯ ಮಾಡಾಗಿರುವ ಗುಮ್ಮಟ ಕಾದು ಮೇಲಿನಿಂದ ಬೇಯಿಸುತ್ತದೆ, ಒಳಗೆ ಸುತ್ತುವ ಬಿಸಿಗಾಳಿ ಅಂಚನ್ನು ಉಬ್ಬಿಸುತ್ತದೆ. ಉರಿಯ ಕಡೆಗಿರುವ ಅಂಚು ಬೇಗ ಸೀಯುವುದರಿಂದ ನಡುವೆ ಒಮ್ಮೆಯಾದರೂ ಉದ್ದ ಹಿಡಿಯ ಸಟ್ಟುಗದಿಂದ ತಿರುಗಿಸಲೇಬೇಕು.

ಈ ಪಿಜ್ಜಾದ ತವರು ಇಟಲಿಯ ನೇಪಲ್ಸ್. ಅಲ್ಲಿನ ಪಿಜ್ಜಾ ಕ್ರಮವನ್ನು ಉಳಿಸಲೆಂದು 1984ರಲ್ಲಿ ಹುಟ್ಟಿದ ಸಂಘದ ನಿಯಮದಲ್ಲಿ ಒಲೆಯ ನೆಲ ಸುಮಾರು 380ರಿಂದ 430 ಡಿಗ್ರಿ ಸೆಲ್ಸಿಯಸ್, ಗುಮ್ಮಟ 485ರ ಹತ್ತಿರ, ಬೇಯುವ ಹೊತ್ತು 60ರಿಂದ 90 ಸೆಕೆಂಡ್. ಆ ಕೈಕೆಲಸ 2017ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೂ ಸೇರಿತು. ಎಲ್ಲ ಒಲೆಗಳೂ ಅಷ್ಟು ಕಾಯಬೇಕೆಂದಿಲ್ಲ. 350ರ ಆಸುಪಾಸಿನಲ್ಲಿದ್ದರೆ ಎರಡರಿಂದ ಮೂರು ನಿಮಿಷ ಬೇಕಾಗುತ್ತದೆ, ಅಂಚು ಮೆತ್ತಗಾಗುವ ಬದಲು ಸ್ವಲ್ಪ ಗರಿಗರಿ ಆಗುತ್ತದೆ. ಅದು ತಪ್ಪಲ್ಲ, ಬೇರೆ ಬಗೆ. ನಮ್ಮ ನಾಲಿಗೆಗೆ ಅದೇ ಹೆಚ್ಚು ಹಿಡಿಸಲೂಬಹುದು.

ಆರ್ಡರ್ ಮಾಡುವವರು ನೆನಪಿಡಬೇಕಾದ ಮುಖ್ಯ ಸಂಗತಿ ಇನ್ನೊಂದಿದೆ. ಪ್ರತಿ ಪಿಜ್ಜಾವೂ ತಾನು ಕೂತ ಜಾಗದ ಕಲ್ಲಿನ ಕಾವನ್ನು ಹೀರಿಕೊಳ್ಳುತ್ತದೆ. ಬೆನ್ನುಬೆನ್ನಿಗೆ ಮೂರು ನಾಲ್ಕು ಹಾಕಿದರೆ ಗುಮ್ಮಟ ಕೆಂಪಗೆ ಕಾದಿದ್ದರೂ ನೆಲ ತಣಿದಿರುತ್ತದೆ. ಕಾವಲಿ ತಣಿದಾಗ ದೋಸೆ ಏಳದೆ ಹಿಡಿದುಕೊಳ್ಳುವುದಿಲ್ಲವೇ, ಹಾಗೆ. ಮೇಲೆ ಚೀಸ್ ಕರಗಿ ಅಂಚು ಕಂದಾಗಿರುತ್ತದೆ, ತಳ ಮಾತ್ರ ಬಿಳಿಚಿಕೊಂಡಿರುತ್ತದೆ. ಒಳ್ಳೆಯ ಅಡಿಗೆಯವರು ಕೆಂಡವನ್ನು ನೆಲದ ಮೇಲೆ ಹರಡಿ, ಕೆಲವು ನಿಮಿಷ ಬಿಟ್ಟು, ಗುಡಿಸಿ ಮುಂದುವರಿಯುತ್ತಾರೆ. ನೂಕುನುಗ್ಗಲಿನ ರಾತ್ರಿ ಅದಕ್ಕೆ ಪುರುಸೊತ್ತು ಎಲ್ಲಿ? ಒಂದೇ ಸಲಕ್ಕೆ ಆರು ಹೇಳಿದ ಮೇಜಿಗೆ ಕೊನೆಯ ಎರಡು ಹಸಿಹಸಿಯಾಗಿ ಬಂದರೆ ಕಾರಣ ಇದು.

ಮಳೆಗಾಲದ ಕಟ್ಟಿಗೆ

ಕಟ್ಟಿಗೆಯಲ್ಲಿ ನೀರಿನಂಶ ನೂರಕ್ಕೆ 20ಕ್ಕಿಂತ ಕಡಿಮೆ ಇದ್ದರೆ ಉರಿ ಸ್ವಚ್ಛ. ಹೆಚ್ಚಿದ್ದರೆ ಬೆಂಕಿಯ ಶಕ್ತಿಯ ಒಂದು ಪಾಲು ನೀರನ್ನು ಆವಿ ಮಾಡುವುದರಲ್ಲೇ ಕಳೆದು ಹೊಗೆ ಏಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಸೌದೆ ಕೊಟ್ಟಿಗೆಯೊಳಗೆ ಒಟ್ಟಿದ ಕಟ್ಟಿಗೆಯೂ ತೇವ ಎಳೆದುಕೊಳ್ಳುವುದು ಇಲ್ಲಿಯವರಿಗೆ ಹೊಸದಲ್ಲ. ಹಾಗಾಗಿ ಮಳೆಗಾಲದಲ್ಲಿ ಹೋದರೆ ಕೂರುವ ಮೊದಲು ಒಲೆಯ ಬಾಯಿ ನೋಡಿ. ಹಳದಿ ಜ್ವಾಲೆ ಗುಮ್ಮಟವನ್ನು ನೆಕ್ಕಿಕೊಂಡು ಹೋಗುತ್ತಿದ್ದರೆ, ಮಸಿ ಸುಟ್ಟು ಹೋಗಿ ಗುಮ್ಮಟದ ಒಳಮೈ ಬೆಳ್ಳಗೆ ಕಾಣುತ್ತಿದ್ದರೆ ಒಲೆ ಸಿದ್ಧವಾಗಿದೆ. ಗುಮ್ಮಟ ಇನ್ನೂ ಕಪ್ಪಾಗಿದ್ದರೆ, ಬಾಯಿಯಿಂದ ಹೊಗೆ ಸುರುಳಿ ಬರುತ್ತಿದ್ದರೆ ಅರ್ಧ ಗಂಟೆ ಕಾಫಿ ಕುಡಿಯುತ್ತಾ ಮಾತಾಡಿ, ಆಮೇಲೆ ಆರ್ಡರ್ ಮಾಡಿ.

'ಕಟ್ಟಿಗೆ ಒಲೆಯದು ಅಂದರೆ ಹೊಗೆ ವಾಸನೆ ಇರಬೇಕು' ಎಂದು ಕಾಯುವವರು ಬಹಳ. ಒಂದೂವರೆ ನಿಮಿಷದಲ್ಲಿ ಹೊಗೆ ಹಿಟ್ಟಿಗೆ ಅಷ್ಟಾಗಿ ಹತ್ತುವುದಿಲ್ಲ. ಆ ಪಿಜ್ಜಾದ ವಿಶೇಷ ರುಚಿ ಬರುವುದು ಕಾವಿನಿಂದ: ಅಂಚಿನ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ, ಒಳಗೆ ಇನ್ನೂ ತೇವ ಉಳಿದ ಮೆತ್ತನೆಯ ಹಿಟ್ಟು. ಕಣ್ಣು ಉರಿಯುವಷ್ಟು ಹೊಗೆ, ನಾಲಿಗೆಗೆ ಕಹಿ ಹೊಗೆ ಬಂದರೆ ಹಸಿ ಕಟ್ಟಿಗೆ ಹಾಕಿದ್ದಾರೆಂದೇ ಅರ್ಥ. ಒಣಗಿದ ಅಕೇಶಿಯಾ, ಗಾಳಿಮರ, ಮಾವು ಇಂಥ ಗಟ್ಟಿ ಕಟ್ಟಿಗೆ ಸರಿ. ಬಣ್ಣ ಬಳಿದ ಹಳೆ ಬಾಗಿಲಿನ ಚೂರು, ಪ್ಲೈವುಡ್ ತುಂಡು ಒಲೆಯ ಪಕ್ಕ ರಾಶಿ ಬಿದ್ದಿದ್ದರೆ ಅಲ್ಲಿ ತಿನ್ನುವುದು ಬೇಡ. ಬಣ್ಣ, ಅಂಟಿನ ಹೊಗೆ ಊಟದ ಒಲೆಗೆ ಹೋಗಬಾರದು. ಗುಮ್ಮಟದ ಆಕಾರವಿದ್ದು ಒಳಗೆ ಗ್ಯಾಸ್ ಉರಿಯುತ್ತಿದ್ದರೂ ಪಿಜ್ಜಾ ಚೆನ್ನಾಗಿಯೇ ಆಗಬಹುದು. ಬೋರ್ಡಿನ ಮೇಲೆ ಕಟ್ಟಿಗೆ ಎಂದು ಬರೆದು ಒಳಗೆ ಗ್ಯಾಸ್ ಇಟ್ಟರೆ ಮಾತ್ರ ಕೇಳುವ ಹಕ್ಕು ನಿಮಗಿದೆ.

ಯಾವಾಗ ಹೋಗಬೇಕು, ಎಲ್ಲಿ ಕೂರಬೇಕು

ತಣ್ಣಗಿರುವ ದೊಡ್ಡ ಇಟ್ಟಿಗೆ ಒಲೆ ಪೂರ್ತಿ ಕಾಯಲು ಎರಡು ಗಂಟೆಯಾದರೂ ಬೇಕು. ಹೋಗುವ ಮುಂಚೆ ಫೋನ್ ಮಾಡಿ 'ಟೇಬಲ್ ಇದೆಯಾ' ಎನ್ನುವುದರ ಜೊತೆಗೆ 'ಒಲೆ ಎಷ್ಟು ಹೊತ್ತಿಗೆ ಹಚ್ಚುತ್ತೀರಿ' ಎಂದೂ ಕೇಳಿ. ಹಚ್ಚಿ ಎರಡು ಗಂಟೆ ಕಳೆದ ಮೇಲೆ, ಜನ ನೆರೆಯುವ ಮೊದಲು ತಲುಪುವುದು ಒಳ್ಳೆಯದು. ಶನಿವಾರ ಭಾನುವಾರ ರಾತ್ರಿ ಎಂಟರ ಮೇಲೆ ಎಂಟು ಜನ ಹೇಳದೆ ಕೇಳದೆ ನುಗ್ಗಿದರೆ ಅಡಿಗೆಮನೆಗೂ ಕಷ್ಟ, ನಿಮಗೂ ಕಷ್ಟ. ಶಿವಮೊಗ್ಗದಿಂದ ಸಾಗರ ರಸ್ತೆ ಅಥವಾ ತೀರ್ಥಹಳ್ಳಿ ರಸ್ತೆಯಲ್ಲಿ ಊರ ಹೊರಗಿನ ಜಾಗಕ್ಕೆ ಹೋಗುವವರಂತೂ ಹಿಟ್ಟು ಎಷ್ಟು ಹೊತ್ತಿನ ತನಕ ಇರುತ್ತದೆಂದು ಕೇಳಿಯೇ ಹೊರಡಿ. ಈ ಹಿಟ್ಟನ್ನು ಎಂಟರಿಂದ ಇಪ್ಪತ್ನಾಲ್ಕು ಗಂಟೆ ಹುದುಗಿಸಿಟ್ಟಿರುತ್ತಾರೆ. ಖಾಲಿಯಾದರೆ ಆ ರಾತ್ರಿಗೆ ಮತ್ತೆ ಕಲಸಲು ಆಗುವುದಿಲ್ಲ.

ಮಳೆ ಚಳಿಯಲ್ಲಿ ಒಲೆಯ ಹತ್ತಿರದ ಮೇಜು ಕೇಳಿ. ಮೈಗೆ ಬೆಚ್ಚಗೆ, ಪಿಜ್ಜಾಕ್ಕೂ ನಾಲ್ಕೇ ಹೆಜ್ಜೆ ದೂರ. ಏಪ್ರಿಲ್ ಸೆಕೆಯಲ್ಲಿ ದೂರ ಕೂರಿ. ಗುಂಪಿನಲ್ಲಿ ಉಬ್ಬಸದವರಿದ್ದರೆ ಯಾವ ಕಾಲಕ್ಕೂ ಕಿಟಕಿ ಬದಿಯೇ ಸರಿ.

ಎಷ್ಟು ಹೇಳಬೇಕು

ಒಂದು ಪಿಜ್ಜಾಕ್ಕೆ ಸಾಮಾನ್ಯವಾಗಿ 250 ಗ್ರಾಂ ಆಸುಪಾಸಿನ ಹಿಟ್ಟಿನ ಉಂಡೆ ಬೇಕು. ಅದರಲ್ಲಿ ಒಣ ಹಿಟ್ಟೇ ಸುಮಾರು 150 ಗ್ರಾಂ, ಅಂದರೆ ಐದು ಚಪಾತಿಯಷ್ಟು. ಅದರ ಮೇಲೆ ಚೀಸ್ ಬೇರೆ. 'ಒಬ್ಬರಿಗೆ ಒಂದು' ಎಂಬ ಲೆಕ್ಕ ಹೆಚ್ಚಾಗುವುದು ಅದಕ್ಕೆ. 10 ಇಂಚಿನದಾದರೆ ತಲೆ ಲೆಕ್ಕಕ್ಕಿಂತ ಒಂದು ಕಡಿಮೆ ಹೇಳಿ: ಆರು ಜನಕ್ಕೆ ಐದು. 12 ಇಂಚಿನದಾದರೆ ಆರು ಜನಕ್ಕೆ ನಾಲ್ಕು ಸಾಕು. ಎರಡು ಇಂಚಿನಲ್ಲಿ ಏನು ಮಹಾ ಎನಿಸಬಹುದು. ವಿಸ್ತಾರದ ಲೆಕ್ಕದಲ್ಲಿ 12 ಇಂಚಿನದು 10 ಇಂಚಿನದಕ್ಕಿಂತ ಸುಮಾರು ಒಂದೂವರೆ ಪಟ್ಟು ದೊಡ್ಡದು. 8 ಇಂಚಿನ ಎರಡು ಸೇರಿದರೂ 12 ಇಂಚಿನ ಒಂದಕ್ಕೆ ಸಮ ಬರುವುದಿಲ್ಲ. ಮೆನುವಿನಲ್ಲಿ 'ಮೀಡಿಯಂ', 'ಲಾರ್ಜ್' ಎಂದಷ್ಟೇ ಇದ್ದರೆ ಇಂಚು ಎಷ್ಟೆಂದು ಕೇಳಿ, ಆಮೇಲೆ ಬೆಲೆ ಹೋಲಿಸಿ.

ಶುರುವಿಗೆ ಗಾರ್ಲಿಕ್ ಬ್ರೆಡ್ ಬೇಡ. ಅದೂ ಹಿಟ್ಟು, ಅದರ ಮೇಲೂ ಚೀಸ್. ಹೊಟ್ಟೆ ಅಲ್ಲೇ ಅರ್ಧ ತುಂಬುತ್ತದೆ. ಒಂದು ಸಲಾಡ್ ಅಥವಾ ಸೂಪ್ ಹೇಳಿ. ಕುಡಿಯಲು ಹುಳಿ ಇರುವುದೇನಾದರೂ ಇರಲಿ, ನಿಂಬೆ ಸೋಡಾನೋ, ಸಿಕ್ಕಿದರೆ ಮುರುಗಲು ಹಣ್ಣಿನ ಶರಬತ್ತೋ. ಚೀಸಿನ ಜಿಡ್ಡನ್ನು ಹುಳಿ ಕತ್ತರಿಸುವಷ್ಟು ಚೆನ್ನಾಗಿ ಸಿಹಿ ಕೋಲಾ ಕತ್ತರಿಸದು.

ಹೇಳುವ ಕ್ರಮ

ಗುಂಪಿನಲ್ಲಿ ಒಬ್ಬರೇ ಆರ್ಡರ್ ಹೇಳಲಿ. ಬೇರೆಯವರು ಇಷ್ಟಾನಿಷ್ಟವನ್ನು ಅವರ ಕಿವಿಗೆ ಹಾಕಲಿ. ಆರೂ ಜನ ಆರು ಕಡೆಯಿಂದ ಮಾತಾಡಿದರೆ ಚೀಟಿಯಲ್ಲಿ ಎರಡು ಪನೀರ್ ಬಂದು ಅಣಬೆಯದು ಬಿಟ್ಟೇ ಹೋಗಿರುತ್ತದೆ. ಆರ್ಡರ್ ತಗೊಳ್ಳುವವರಿಗೆ ಮೊದಲೇ ಹೀಗೆ ಹೇಳಿ: 'ಅಣ್ಣಾ, ಒಟ್ಟು ಐದು ಬೇಕು. ಎರಡೆರಡೇ ಬರಲಿ. ಮೊದಲ ಎರಡು ಮುಗಿಯುವಾಗ ಮುಂದಿನ ಎರಡು ಹಾಕಿಸಿ. ಐದನೆಯದು ಆಮೇಲೆ ಹೇಳ್ತೀವಿ.' ಇದರಿಂದ ಅವರಿಗೇನೂ ತೊಂದರೆಯಿಲ್ಲ, ಒಲೆಯ ನೆಲಕ್ಕೂ ಉಸಿರಾಡಲು ಹೊತ್ತು ಸಿಗುತ್ತದೆ. ಕೊನೆಯದನ್ನು ತಡೆದಿಡುವುದರಿಂದ ನಿಮಗೂ ಲಾಭ. ಹಸಿವು ಎಷ್ಟು ಉಳಿದಿದೆ, ಯಾವುದು ಎಲ್ಲರಿಗೂ ಹಿಡಿಸಿತು ಎಂದು ಆಗ ಗೊತ್ತಿರುತ್ತದೆ.

ಆರು ಜನವಿದ್ದರೆ ಪ್ರತಿ ಪಿಜ್ಜಾವನ್ನೂ ಆರು ತುಂಡು ಮಾಡಿಸಿ. ಎಂಟು ತುಂಡು ಮಾಡಿದರೆ ಉಳಿದ ಎರಡು ತುಂಡು ಯಾರೂ ತಗೊಳ್ಳದೆ ಆರುತ್ತವೆ, ಎಲ್ಲರೂ 'ನೀ ತಗೋ ಮಾರಾಯ' ಎನ್ನುತ್ತಲೇ ಇರುತ್ತಾರೆ. ಹತ್ತು ಹನ್ನೆರಡು ಜನದ ಉದ್ದ ಮೇಜಾದರೆ ಒಂದೊಂದು ಸುತ್ತಿಗೂ ಒಂದೇ ಬಗೆಯ ಎರಡು ಪಿಜ್ಜಾ ತರಿಸಿ, ಈ ತುದಿಗೊಂದು ಆ ತುದಿಗೊಂದು. ಬೇರೆ ಬೇರೆ ತರಿಸಿದರೆ ನಡುವಿನವರು ತಟ್ಟೆ ದಾಟಿಸುತ್ತಲೇ ಉಳಿಯುತ್ತಾರೆ.

ಮೊದಲ ಸುತ್ತಿನಲ್ಲಿ ಒಂದು ಮಾರ್ಗರಿಟಾ ಇರಲೇಬೇಕು. ಟೊಮೇಟೊ, ಮೊಝರೆಲ್ಲಾ, ಬೇಸಿಲ್ ಎಲೆ, ಎಣ್ಣೆ, ಇಷ್ಟೇ ಇರುವುದರಿಂದ ಅಡಿಗೆಯವರಿಗೆ ಮುಚ್ಚಿಡಲು ಏನೂ ಇರುವುದಿಲ್ಲ. ಹಿಟ್ಟು ಸರಿಯಾಗಿ ಹುದುಗಿದೆಯೇ, ಸಾಸ್ ತಾಜಾ ಇದೆಯೇ, ನೆಲ ಕಾದಿದೆಯೇ, ಮೂರೂ ಒಂದು ತುಂಡಿನಲ್ಲಿ ಗೊತ್ತಾಗುತ್ತದೆ. ಮಾರ್ಗರಿಟಾ ಕೆಟ್ಟಿದ್ದರೆ ಅಲ್ಲಿ ಬೇರೆ ಯಾವುದೂ ಸರಿ ಇರದು, ಉಳಿದ ಆರ್ಡರನ್ನು ಕಡಿಮೆ ಮಾಡಿ. ಸಪ್ಪೆಯಿಂದ ಖಾರಕ್ಕೆ ಹೋಗಿ: ಮಾರ್ಗರಿಟಾ, ಆಮೇಲೆ ಅಣಬೆ ಅಥವಾ ಪಾಲಕ್, ಕೊನೆಗೆ ಹಸಿಮೆಣಸು, ಪನೀರ್, ಚಿಕನ್. ಖಾರ ಮೊದಲು ತಿಂದ ನಾಲಿಗೆಗೆ ಮಾರ್ಗರಿಟಾ ಬರೀ ಬ್ರೆಡ್ಡು.

ಮೇಲೆ ಹಾಕುವ ಪದಾರ್ಥ ಮೂರಕ್ಕಿಂತ ಹೆಚ್ಚು ಬೇಡ. ತರಕಾರಿ ಬೇಯುವಾಗ ನೀರು ಬಿಡುತ್ತದೆ. ಒಂದೂವರೆ ನಿಮಿಷದಲ್ಲಿ ಆ ನೀರು ಆವಿಯಾಗಲು ಹೊತ್ತೇ ಸಿಗದೆ ಮಧ್ಯಭಾಗ ಒದ್ದೆಯಾಗುತ್ತದೆ. ಹಸಿ ಅಣಬೆ, ಅನಾನಸು, ದಪ್ಪ ಹೆಚ್ಚಿದ ಟೊಮೇಟೊ, ಈ ಮೂರೂ ಒಂದೇ ಪಿಜ್ಜಾದ ಮೇಲಿದ್ದರೆ ಸೋಲು ಖಚಿತ. ಚಿಕನ್ ಅಷ್ಟು ಹೊತ್ತಿನಲ್ಲಿ ಹಸಿಯಿಂದ ಬೇಯುವುದಿಲ್ಲ, ಮೊದಲೇ ಬೇಯಿಸಿಟ್ಟದ್ದೇ ಆಗಿರಬೇಕು. ತುಂಡಿನ ಒಳಗೆ ಗುಲಾಬಿ ಬಣ್ಣ ಕಂಡರೆ ತಿನ್ನದೆ ವಾಪಸ್ ಕೊಡಿ. ಅರ್ಧ ಒಂದು ಬಗೆ, ಅರ್ಧ ಇನ್ನೊಂದು ಬಗೆ ಕೇಳುವುದೂ ಈ ಒಲೆಗೆ ಹೊಂದುವುದಿಲ್ಲ. ಒಣ ಅರ್ಧ ಸೀಯುವಾಗ ಒದ್ದೆ ಅರ್ಧ ಇನ್ನೂ ಹಸಿ ಇರುತ್ತದೆ. ರಾಗಿ ಹಿಟ್ಟಿನದು ಎಂದು ಬರೆದಿದ್ದರೆ ಮೈದಾ ಎಷ್ಟು ಸೇರಿಸಿದ್ದೀರಿ ಎಂದು ಕೇಳಿ. ರಾಗಿಗೆ ಹಿಗ್ಗುವ ಜಿಗುಟಿಲ್ಲ, ಬರೀ ರಾಗಿಯಲ್ಲಿ ಆ ಅಂಚು ಉಬ್ಬುವುದಿಲ್ಲ.

ಸಸ್ಯಾಹಾರ, ಬೆಳ್ಳುಳ್ಳಿ, ವಾರದ ಲೆಕ್ಕ

ಮಲೆನಾಡಿನ ಗೆಳೆಯರ ಗುಂಪಿನಲ್ಲಿ ಒಬ್ಬರು ಮೊಟ್ಟೆಯನ್ನೂ ಮುಟ್ಟದವರು, ಒಬ್ಬರು ಸೋಮವಾರ ಶನಿವಾರ ಮಾತ್ರ ಬಿಡುವವರು, ಒಬ್ಬರು ಜೈನರು ಇರುವುದು ಸಹಜ. ಇದನ್ನು ಮೇಜಿನಲ್ಲಿ ಕೂತ ಮೇಲೆ ಮುಜುಗರದಿಂದ ಹೇಳುವುದಕ್ಕಿಂತ ಹೊರಡುವ ಮುಂಚೆಯೇ ಕೇಳಿಕೊಳ್ಳುವುದು ಗೆಳೆತನದ ರೀತಿ. ಒಲೆಯ ನೆಲ ಒಂದೇ. ಸಟ್ಟುಗ, ಕತ್ತರಿಸುವ ಚಕ್ರ ಬೇರೆ ಇಟ್ಟಿದ್ದೀರಾ ಎಂದು ಕೇಳಬಹುದು, ಆದರೆ ಕಟ್ಟುನಿಟ್ಟಿನವರಿಗೆ ಅಷ್ಟು ಸಾಲದು. ಅಂಥವರಿದ್ದರೆ ಪೂರ್ತಿ ಸಸ್ಯಾಹಾರಿ ಹೋಟೆಲನ್ನೇ ಆರಿಸಿ.

ಬಹಳ ಜನಕ್ಕೆ ತಿಳಿಯದ್ದು ಚೀಸಿನ ವಿಷಯ. ಇಟಲಿಯ ಅಸಲಿ ಪಾರ್ಮೆಸಾನನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಮೆನುವಿನಲ್ಲಿ ಹಸಿರು ಗುರುತಿನ ಪಿಜ್ಜಾದ ಮೇಲೆ ಕೊನೆಗೆ ಅದನ್ನೇ ತುರಿದು ಉದುರಿಸಿದರೆ ನಿಮ್ಮ ಗೆಳೆಯರು ತಿಳಿಯದೆ ತಿಂದಂತೆ. ಬೇಸಿಲ್ ಎಲೆ ಅರೆದು ಮಾಡುವ ಪೆಸ್ಟೋ ಸಾಸಿನಲ್ಲೂ ಅದು ಸೇರಿರಬಹುದು. 'ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇದೆಯಾ' ಎಂದು ಕೇಳಿ, ಸಂಶಯವಿದ್ದರೆ ಉದುರಿಸಬೇಡಿ ಎನ್ನಿ. ಸೀಸರ್ ಸಲಾಡಿನ ಡ್ರೆಸ್ಸಿಂಗಿಗೆ ಸಾಮಾನ್ಯವಾಗಿ ಆಂಚೊವಿ ಮೀನು ಹಾಕುವುದುಂಟು, ಅದನ್ನೂ ಕೇಳಿ. ಬೆಳ್ಳುಳ್ಳಿ ಈರುಳ್ಳಿ ಬಿಟ್ಟವರು 'ಹಾಕಬೇಡಿ' ಎಂದರೆ ಸಾಲದು, ಸಾಸ್ ಬೆಳಿಗ್ಗೆಯೇ ಒಗ್ಗರಿಸಿ ಇಟ್ಟಿರುತ್ತಾರೆ. ನೇಪಲ್ಸಿನ ಕ್ರಮದಲ್ಲಿ ಟೊಮೇಟೊ ಹಿಸುಕಿ ಉಪ್ಪು ಹಾಕಿದ್ದೇ ಸಾಸ್. ಅಂಥ ಕಡೆಯಾದರೆ ಮಾರ್ಗರಿಟಾ ಸಲೀಸು.

ತಟ್ಟೆಗೆ ಬಂದ ಮೇಲೆ

ಬಂದ ಕೂಡಲೇ ಫೋಟೋ ಒಂದು ಸಾಕು. ಚೆನ್ನಾಗಿರುವ ಹೊತ್ತು ಐದಾರು ನಿಮಿಷ, ಅದರಾಚೆ ತಳದ ಆವಿ ನೀರಾಗಿ ಹಿಟ್ಟಿಗೇ ಇಳಿಯುತ್ತದೆ. ಒಂದು ತುಂಡು ಎತ್ತಿ ತಳ ನೋಡಿ. ತಿಳಿಗಂದು ಮೈ, ಅಲ್ಲಲ್ಲಿ ಕಪ್ಪು ಚುಕ್ಕೆ ಇದ್ದರೆ ಸರಿಯಾಗಿದೆ. ಬಿಳಿ ಇದ್ದರೆ ನೆಲ ತಣಿದಿತ್ತು. ತಳವೆಲ್ಲ ಕಪ್ಪಾಗಿ ಕಹಿ ಬಂದರೆ ಉದುರಿದ ಒಣ ಹಿಟ್ಟು ನೆಲದ ಮೇಲೆ ಸುಟ್ಟು ಅಂಟಿದೆ, ಗುಡಿಸದೆ ಹಾಕಿದ್ದಾರೆ. ಅಂಚನ್ನು ಮುರಿದು ನೋಡಿ. ಒಳಗೆ ದೊಡ್ಡ ಚಿಕ್ಕ ತೂತುಗಳಿದ್ದರೆ ಹುದುಗು ಚೆನ್ನಾಗಿ ಬಂದಿದೆ. ಸಾಸಿನ ಕೆಳಗೆ ಅಂಟಂಟು ಬಿಳಿ ಪದರ ಇದ್ದರೆ ಬೆಂದಿಲ್ಲ. ಅಂಚು ಉಬ್ಬದೆ, ಬಣ್ಣವೂ ಬಾರದೆ ಹುಳಿ ವಾಸನೆ ಬಂದರೆ ಹಿಟ್ಟು ಅತಿಯಾಗಿ ಹುದುಗಿದೆ. ಬೇಸಿಗೆಯಲ್ಲಿ ಹಿಟ್ಟನ್ನು ಹೊರಗಿಟ್ಟರೆ ದೋಸೆ ಹಿಟ್ಟಿನ ಹಾಗೆಯೇ ಇದೂ ಬೇಗ ಹುಳಿಯುತ್ತದೆ. ಬಣ್ಣ ಕೊಡಬೇಕಾದ ಸಕ್ಕರೆಯಂಶವನ್ನು ಹುದುಗು ತಿಂದು ಮುಗಿಸಿರುತ್ತದೆ.

ತಳ ಬಿಳಿಚಿದ್ದರೆ, ಒಳಗೆ ಬೇಯದಿದ್ದರೆ ಎರಡನೇ ತುಂಡು ಮುಟ್ಟುವ ಮೊದಲೇ ಕರೆದು ತಳ ತೋರಿಸಿ. 'ಚೆನ್ನಾಗಿಲ್ಲ' ಎನ್ನಬೇಡಿ, 'ತಳ ಬೆಂದಿಲ್ಲ ಅಣ್ಣಾ, ನೆಲ ಕಾದ ಮೇಲೆ ಇನ್ನೊಂದು ಹಾಕಿ ಕೊಡಿ' ಎನ್ನಿ. ಅದನ್ನೇ ಮತ್ತೆ ಒಲೆಗಿಟ್ಟರೆ ಮೇಲ್ಭಾಗ ಸುಟ್ಟು ಹೋಗುತ್ತದೆ. ಅಂಚಿನ ಕಪ್ಪು ಚುಕ್ಕೆಗೆ ಮಾತ್ರ ಜಗಳ ಬೇಡ, ಅದು ಈ ಪಿಜ್ಜಾದ ಲಕ್ಷಣ. ಹಿಡಿಸದವರು, ಹಲ್ಲಿಲ್ಲದ ಹಿರಿಯರು ಜೊತೆಗಿದ್ದರೆ 'ಸ್ವಲ್ಪ ಕಡಿಮೆ ಸುಡಿ' ಎಂದು ಮೊದಲೇ ಹೇಳಿ.

ಚಾಕು ಮುಳ್ಳು ಚಮಚ ಬೇಕಿಲ್ಲ. ತುಂಡನ್ನು ಉದ್ದಕ್ಕೆ ಮಡಚಿ ಚೂಪು ತುದಿಯನ್ನು ಒಳಕ್ಕೆ ಮಡಿಸಿದರೆ ಸಾಸ್ ಸುರಿಯುವುದಿಲ್ಲ. ಒರೆಗಾನೊ, ಚಿಲ್ಲಿ ಫ್ಲೇಕ್ಸ್ ಮೊದಲ ತುತ್ತಿನ ನಂತರ ಬೇಕೆನಿಸಿದರೆ ಹಾಕಿಕೊಳ್ಳಿ. ಕೆಚಪ್ ಮೇಲೆ ಸುರಿದರೆ ಟೊಮೇಟೊ ಸಾಸಿನ ರುಚಿಯೇ ಮುಳುಗುತ್ತದೆ. ಮಕ್ಕಳು ಬಿಟ್ಟ ಅಂಚಿಗೆ ಅದು ಆಗಬಹುದು.

ಬಿಲ್ಲು, ಪಾರ್ಸೆಲ್ಲು

ಸಾಮಾನ್ಯ ರೆಸ್ಟೋರೆಂಟಿನ ಬಿಲ್ಲಿನಲ್ಲಿ ಜಿಎಸ್‌ಟಿ ನೂರಕ್ಕೆ 5, ಎರಡೂವರೆ ಎರಡೂವರೆಯಾಗಿ ಎರಡು ಸಾಲಿನಲ್ಲಿ ಇರುತ್ತದೆ. ಸರ್ವಿಸ್ ಚಾರ್ಜ್ ಬೇರೆ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಸೇರಿಸಿದ್ದರೆ ತೆಗೆಸಿ, ಒಲೆಯ ಮುಂದೆ ನಿಂತು ಬೆಂದವರಿಗೆ ನಿಮಗೆ ತೋಚಿದಷ್ಟು ಕೈಯಲ್ಲಿ ಕೊಡಿ. ಎಲ್ಲರೂ ಎಲ್ಲದರಲ್ಲೂ ತಿಂದಿರುವುದರಿಂದ ಸಮಪಾಲು ಮಾಡುವುದು ಸುಲಭ. ಚಿಕನ್ ಪಿಜ್ಜಾದ ದುಡ್ಡನ್ನು ಮಾತ್ರ ಅದನ್ನು ತಿಂದವರು ತಮ್ಮೊಳಗೆ ಹಂಚಿಕೊಳ್ಳಲಿ. ಒಬ್ಬರು ಪೂರ್ತಿ ಕೊಟ್ಟು, ಉಳಿದವರು ಎದ್ದೇಳುವ ಮೊದಲೇ ಯುಪಿಐನಲ್ಲಿ ಕಳಿಸಿಬಿಡಲಿ.

ಶಿವಮೊಗ್ಗದಿಂದ ಪಾರ್ಸೆಲ್ ತಗೊಂಡು ಅರವತ್ತು ಕಿಲೋಮೀಟರ್ ದೂರದ ತೀರ್ಥಹಳ್ಳಿಗೆ ಹೋದರೆ ಪಿಜ್ಜಾ ಬಿಸಿಯಾಗಿ ತಲುಪದು, ಡಬ್ಬಿಯೊಳಗಿನ ಆವಿಗೆ ಒದ್ದೆಯೂ ಆಗಿರುತ್ತದೆ. ಉಳಿದದ್ದನ್ನು ಕಟ್ಟಿಸಿಕೊಳ್ಳುವುದಾದರೆ ಐದು ನಿಮಿಷ ಡಬ್ಬಿಯ ಮುಚ್ಚಳ ತೆರೆದೇ ಇಟ್ಟು ಆರಿಸಿ, ಆಮೇಲೆ ಮುಚ್ಚಿ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಲಿ. ಮರುದಿನ ದೋಸೆ ಕಾವಲಿಯನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಎಣ್ಣೆ ಹಾಕದೆ ತುಂಡು ಇಟ್ಟು ಮೂರು ನಿಮಿಷ ಬಿಡಿ. ತಳ ಗರಿಗರಿ ಆದ ಮೇಲೆ ಕಾವಲಿಯ ಬದಿಗೆ, ಪಿಜ್ಜಾಕ್ಕೆ ತಾಗದಂತೆ, ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಿ. ಒಂದು ನಿಮಿಷದಲ್ಲಿ ಆವಿಗೆ ಚೀಸ್ ಕರಗುತ್ತದೆ. ಮೈಕ್ರೋವೇವಿನಲ್ಲಿ ಇಟ್ಟರೆ ಅದೇ ಅಂಚು ಮೊದಲು ಮೆತ್ತಗಾಗಿ ಆಮೇಲೆ ಹಲ್ಲಿಗೆ ಬಗ್ಗದಷ್ಟು ಗಟ್ಟಿಯಾಗುತ್ತದೆ.